ನಂಜಪ್ಪನ ಕಂಪ್ಯೂಟರಿನಲ್ಲಿ ಮಾಯವಾದ ಮೆಮೊರಿ

ಲೋಹಿತ್ ಬಂದದ್ದನ್ನು ಕಂಡು ಚಿಕ್ಕಸ್ವಾಮಿ ಎದ್ದು ಹೋಗಲು ನೋಡಿದ. ಆಗಲಿಲ್ಲ. ಪಾಂಡವಪುರದ ಪೇಟೆಬೀದಿಯಲ್ಲಿ ಪುಟ್ಟಲಕ್ಷ್ಮಮ್ಮನವರ ಚಿನ್ನದ ಕೆಲಸದ ಅಂಗಡಿಯ ಅಗಲವೇ ಆರಡಿ. ಬಂದವನು ಬಾಗಿಲಿಗೆ ಅಡ್ಡ ನಿಂತರೆ ಒಳಗಿದ್ದವನು ಕೂತಿರಬೇಕಾದದ್ದೇ.

"ಅಮ್ಮ, ಇದನ್ನ ಓದಿ," ಎಂದು ಲೋಹಿತ್ ಪತ್ರಿಕೆಯ ತುಂಡೊಂದನ್ನು ಅವರ ಮುಂದಿಟ್ಟ. "ಬರೆದೋರು ಇಲ್ಲೇ ಕುಂತವ್ರೆ. ತಪ್ಪಿದ್ರೆ ಅವರೇ ತಿದ್ತಾರೆ."

ಏಳು ಸಾಲಿನ ಸುದ್ದಿ. ಪಟ್ಟಣದ ವಿಡಿಯೊ ಸ್ಟುಡಿಯೊ ಒಂದರ ಹೊಸ ಕಂಪ್ಯೂಟರಿನಿಂದ ದುಬಾರಿ ಮೆಮೊರಿ ಕಳವಾಗಿದೆ. ಬೆಂಗಳೂರಿನ ಅಂಗಡಿಯಲ್ಲಿ ಪರೀಕ್ಷಿಸಿ ತಂದಾಗ 256 ಎಂಬಿ ಇದ್ದದ್ದು ಈಗ 64 ಇದೆ. ಕೆಲಸಗಾರ ಲೋಹಿತ್ (25) ಮೇಲೆ ಮಾಲೀಕರು ಶಂಕೆ ವ್ಯಕ್ತಪಡಿಸಿದ್ದಾರೆ. ವಯಸ್ಸು ಸರಿಯಾಗಿತ್ತು. ಹೆಸರಿನ ಕಾಗುಣಿತವೂ ಸರಿಯಾಗಿತ್ತು. ಹದಿನಾಲ್ಕು ವರ್ಷ ತಾಲ್ಲೂಕು ವರದಿಗಾರನಾಗಿದ್ದ ಚಿಕ್ಕಸ್ವಾಮಿ ಅಂಥದರಲ್ಲಿ ತಪ್ಪುತ್ತಿರಲಿಲ್ಲ. ಆದರೂ ಅವನ ಕಿವಿ ಬಿಸಿಯಾಯಿತು.

"ದೀಪಾವಳಿ ಆದ್ಮೇಲೆ ಕೆ.ಆರ್. ಪೇಟೇಲಿ ಮೂರು ಮದುವೆ ವಿಡಿಯೊ ಒಪ್ಕಂಡಿದ್ದೆ," ಎಂದ ಲೋಹಿತ್. "ನಿನ್ನೆ ಪೇಪರ್ ಬಂತು. ಇವತ್ತು ಮೂರೂ ಮನೆಯೋರು ಬ್ಯಾಡ ಅಂದ್ಬುಟ್ರು. ಸೋಮವಾರ ಪೊಲೀಸಿಗೆ ಕೊಡ್ತೀನಿ ಅಂತಾವ್ರೆ ಸ್ಟುಡಿಯೊ ನಂಜಪ್ಪಣ್ಣ. ಮೆಮೊರಿ ಕಮ್ಮಿ ಐತೆ ಅಂತ ಮೊದ್ಲು ಯೋಳ್ದೋನೇ ನಾನು."

ಪುಟ್ಟಲಕ್ಷ್ಮಮ್ಮ ಭೂತಗನ್ನಡಿಯನ್ನು ಸೆರಗಿನಿಂದ ಒರೆಸಿದರು. ಗಂಡ ತೀರಿಹೋದ ಮೇಲೆ ಅವರೇ ಕುಲುಮೆಯ ಮುಂದೆ ಕೂತು ಓಲೆ, ಜುಮುಕಿ ಮಾಡುತ್ತ ಬಂದವರು, ವಯಸ್ಸು ಅರವತ್ತೆರಡು. ಊರಿನಲ್ಲಿ ಏನು ಕಾಣೆಯಾದರೂ ಜನ ಮೊದಲು ಅವರ ಬಳಿಗೆ, ಆಮೇಲೆ ಠಾಣೆಗೆ ಹೋಗುತ್ತಿದ್ದರು. ಅವರು ಹುಡುಕಿಕೊಟ್ಟದ್ದನ್ನೆಲ್ಲ ಪತ್ರಿಕೆಗೆ ಬರೆದು ಹೆಸರು ಮಾಡಿದವನು ಚಿಕ್ಕಸ್ವಾಮಿ. ಎಲ್ಲಿಗೆ ಹೋದರೂ ಅವರು ಅವನನ್ನು ಜೊತೆಗೆ ಕರೆದೊಯ್ಯುತ್ತಿದ್ದರು.

"ಅಂಗಡೀಲಿ ಎಷ್ಟು ತೋರಿಸ್ತು ಚಿಕ್ಕಸ್ವಾಮಿ? ತಂದೋನು ನೀನೇ ಅಲ್ವಾ?"

"262144," ಎಂದ ಚಿಕ್ಕಸ್ವಾಮಿ. "ಕಂಪ್ಯೂಟರು ಶುರುವಾದಾಗ ಪರದೆ ಮೇಲೆ ಮೆಮೊರೀನ ಕೆಬಿ ಲೆಕ್ಕದಲ್ಲಿ ಎಣಿಸುತ್ತೆ, ಒಂದು ಎಂಬಿಗೆ 1024. 256 ಎಂಬಿ ಇದ್ರೆ ಆ ಸಂಖ್ಯೆ ಬರಬೇಕು."

"ನೀನು ನೋಡ್ದಾ?"

"ಪತ್ರಿಕೇಲೂ ಅದನ್ನೇ ಬರೆದಿದೀನಲ್ಲ."

ಅವರು ತಲೆಯಾಡಿಸಿ ಚಪ್ಪಲಿ ಮೆಟ್ಟಿದರು.

ದಾರಿಯಲ್ಲಿ ಚಿಕ್ಕಸ್ವಾಮಿ ಹಿನ್ನೆಲೆ ಹೇಳಿದ. ನಂಜಪ್ಪನಿಗೆ ಮದುವೆ ವಿಡಿಯೊ ಕತ್ತರಿಸಿ ಜೋಡಿಸಲು ಯಂತ್ರ ಬೇಕಿತ್ತು. ಅವನ ತಮ್ಮ ಕುಮಾರನಿಗೆ ಕಂಪ್ಯೂಟರ್ ಆಟ ಆಡಲು. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಮೂರು ಸಂಜೆ ಕೂತು ಪಟ್ಟಿ ಮಾಡಿದ್ದರು. ಮೆಮೊರಿ ಅರ್ಧ ಸಾಕು, ಆಟದ ಚಿತ್ರ ಮೂಡಿಸುವ ಕಾರ್ಡು ಜೋರಾಗಿರಲಿ ಎಂದು ಕುಮಾರ. ಆಟದ ಕಾರ್ಡೇ ಬೇಡ, ಎರಡನೇ ಹಾರ್ಡ್ ಡಿಸ್ಕ್ ಇರಲಿ ಎಂದು ನಂಜಪ್ಪ. ಪೇಪರಿನವನಿಗೆ ಎಲ್ಲ ಗೊತ್ತಿರುತ್ತದೆ ಎಂದು ಕೊನೆಯ ಮಾತನ್ನು ಚಿಕ್ಕಸ್ವಾಮಿಗೆ ಬಿಟ್ಟಿದ್ದರು. ಅವನು ಕನ್ನಡಕ ಸರಿಮಾಡಿಕೊಂಡು ಪೆಂಟಿಯಮ್-III ಪ್ರೊಸೆಸರು, ಡಬ್ಬಿಯೊಳಗೆ ಸಿಕ್ಕಿಸುವ 128 ಎಂಬಿಯ ಮೆಮೊರಿ ಪಟ್ಟಿ ಎರಡು, ಹಾರ್ಡ್ ಡಿಸ್ಕ್ ಎರಡು, ಕ್ಯಾಸೆಟ್ಟಿನ ವಿಡಿಯೊ ಒಳಗೆ ತರುವ ಕಾರ್ಡು, ಕುಮಾರನ ಸಮಾಧಾನಕ್ಕೆ ಸಾಧಾರಣದ ಆಟದ ಕಾರ್ಡು ಎಂದು ಬರೆದುಕೊಟ್ಟಿದ್ದ. ಅಕ್ಟೋಬರ್ 15ರ ಶುಕ್ರವಾರ ಬೆಂಗಳೂರಿಗೆ ಹೋಗಿ ಎಲ್ಲವನ್ನೂ ತಂದವನೂ ಅವನೇ.

ಸ್ಟುಡಿಯೊದಲ್ಲಿ ನಂಜಪ್ಪ ಲೋಹಿತನನ್ನು ಕಂಡು ಮುಖ ತಿರುಗಿಸಿದ.

"ನಿನ್ನ ಮನೆ ಮಗನಂಗೆ ನೋಡ್ಕಂಡಿದ್ನಲ್ಲಲಾ. ಮಂಗಳವಾರ ಬೀಗದ ಕೈ ಯಾರತ್ರ ಇತ್ತು?"

"ನನ್ನತ್ರಾನೆ ಕಣಣ್ಣ. ವಿಜಯದಶಮಿ ದಿನ ಸಾಫ್ಟ್‌ವೇರ್ ಹಾಕು ಅಂದೋನು ನೀನೇ."

"ಹಾಕು ಅಂದೆ. ಕಿತ್ಕೋ ಅಂದ್ನಾ?"

"ಬಾಯಿ ಸಾಕು," ಎಂದರು ಪುಟ್ಟಲಕ್ಷ್ಮಮ್ಮ. "ಯಂತ್ರಕ್ಕೆ ಮೊದಲ್ನೇ ಸಲ ಕರೆಂಟು ಕೊಟ್ಟದ್ದು ಯಾವತ್ತು?"

ಉತ್ತರ ಕೊಟ್ಟವರು ನಂಜಪ್ಪನ ತಾಯಿ ಪುಟ್ಟತಾಯಮ್ಮ. "ಸೋಮವಾರ, ಆಯುಧಪೂಜೆ ದಿನ ಕಣವ್ವ. ಪೂಜೆ ಆಗದೆ ಹೊಸ ಸಾಮಾನಿಗೆ ಕರೆಂಟು ಕೊಡಬ್ಯಾಡಿ ಅಂತ ನಾನೇ ಪಟ್ಟು ಹಿಡ್ದೆ. ಬಾಬುರಾಯನಕೊಪ್ಪಲಿನ ಪುಟ್ಟಸ್ವಾಮಿ ಬೆಳಿಗ್ಗೆ ಒಂಬತ್ತಕ್ಕೆ ಬಂದು ಇಲ್ಲೇ, ದೇವ್ರ ಪಟದ ಮುಂದೆ ಬಿಡಿ ಸಾಮಾನೆಲ್ಲ ಜೋಡಿಸ್ದ. ಆಮ್ಯಾಲೆ ಮಂಗಳಾರತಿ, ಆಮ್ಯಾಲೆ ಸ್ವಿಚ್ಚು. ಪರದೇಲಿ ಏನೇನೋ ಬಂತು, ಆರಿಸಿದ್ರು."

ಲೋಹಿತ್ ಕಂಪ್ಯೂಟರಿನ ಡಬ್ಬಿ ಬಿಚ್ಚಿ, ಚೋಟುದ್ದದ ಎರಡು ಹಸಿರು ಮೆಮೊರಿ ಪಟ್ಟಿಗಳನ್ನು ಕಿತ್ತುಕೊಟ್ಟ. ಎರಡರ ಮೇಲೂ 128 ಎಂಬ ಚೀಟಿ ಅಂಟಿಸಿತ್ತು. ಪುಟ್ಟಲಕ್ಷ್ಮಮ್ಮ ಅವುಗಳ ಅಂಚಿನ ಚಿನ್ನದ ಲೇಪದ ಹಲ್ಲುಗಳನ್ನು ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದರು.

"ಪೂಜೆ ದಿನ ವಿಡಿಯೊ ತೆಗ್ದಿದ್ಯಾ ನಂಜಪ್ಪ?"

"ತೆಗೀದೆ ಇರ್ತೀನಾ? ಕ್ಯಾಮೆರಾನ ಸ್ಟ್ಯಾಂಡಿಗೆ ಕೂರಿಸ್ಬುಟ್ಟಿದ್ದೆ. ಮನೆಯೋರೆಲ್ಲ ನಾಕ್ ನಾಕ್ ಸಲ ನೋಡವ್ರೆ. ಅದ್ರಲ್ಲಿ ಕಳ್ಳ ಇಲ್ಲ ಕಣಮ್ಮ, ನಮ್ಮವ್ವನ ಹೊಸ ಸೀರೆ ಐತೆ."

"ಅದನ್ನೇ ತೋರ್ಸು. ಚಿಕ್ಕಸ್ವಾಮಿ, ನೀನು ಬಾಬುರಾಯನಕೊಪ್ಪಲಿಗೆ ಹೋಗಿ ಪುಟ್ಟಸ್ವಾಮಿಗೆ ನಾಳೆ ಹತ್ತಕ್ಕೆ ಬರೋಕೆ ಯೋಳು."

ಬಾಬುರಾಯನಕೊಪ್ಪಲಿಗೆ ಹೋಗುವ ಶ್ರೀರಂಗಪಟ್ಟಣದ ಬಸ್ಸಿನಲ್ಲಿ ಚಿಕ್ಕಸ್ವಾಮಿ ಕಿಟಕಿಯ ಪಕ್ಕ ಕೂತು ಒಂದು ವಾಕ್ಯವನ್ನು ಮನಸ್ಸಿನಲ್ಲೇ ಬರೆದು ಹೊಡೆದುಹಾಕಿದ. ಮತ್ತೆ ಬರೆದ. ಪತ್ರಿಕೆಗೆ ಕಳಿಸುವ ವಾಕ್ಯವಲ್ಲ ಅದು. ಪುಟ್ಟಸ್ವಾಮಿ ಸುದ್ದಿ ಕೇಳಿ ಹೆದರಿದ. "ನನ್ ಮ್ಯಾಲೂ ಬರೀತೀರಾ ಸಾರ್?" ಎಂದ. ನಾಳೆ ಹತ್ತಕ್ಕೆ ಬರಬೇಕೆಂದಷ್ಟೇ ಹೇಳಿ ಚಿಕ್ಕಸ್ವಾಮಿ ಹೊರಟ.

ಭಾನುವಾರ ಹತ್ತು ಗಂಟೆಗೆ ಎಲ್ಲರೂ ಸ್ಟುಡಿಯೊದಲ್ಲಿ ಸೇರಿದರು. ಪುಟ್ಟತಾಯಮ್ಮ ಚಾಪೆಯ ಮೇಲೆ, ನಂಜಪ್ಪ ಮತ್ತು ಕುಮಾರ ಬೆಂಚಿನ ಮೇಲೆ, ಪುಟ್ಟಸ್ವಾಮಿ ಬಾಗಿಲ ಬಳಿ. ಲೋಹಿತ್ ಕೂರಲಿಲ್ಲ. ಚಿಕ್ಕಸ್ವಾಮಿ ಎಂದಿನಂತೆ ಪುಸ್ತಕ, ಪೆನ್ನು ಹಿಡಿದು ಪುಟ್ಟಲಕ್ಷ್ಮಮ್ಮನವರ ಪಕ್ಕದಲ್ಲಿ ಕೂತ. ಮೂಲೆಯಲ್ಲಿ ಟಿವಿ, ವಿಸಿಆರ್ ಸಿದ್ಧವಾಗಿದ್ದವು.

"ಮೊದ್ಲು ಈ ಪಟ್ಟಿಗಳು," ಎಂದು ಪುಟ್ಟಲಕ್ಷ್ಮಮ್ಮ ಶುರುಮಾಡಿದರು. "ನಂಗೆ ಕಂಪ್ಯೂಟರು ಬರಲ್ಲ. ಚಿನ್ನ ಬತ್ತದೆ. ಇದನ್ನ ಒಂದ್ಸಲ ತೂರಿಸಿ ತೆಗೆದ್ರೆ ಹಲ್ಲಿನ ಲೇಪದ ಮ್ಯಾಲೆ ಒಂದು ಗೀರು ಬೀಳ್ತದೆ. ಇದ್ರಲ್ಲಿ ಒಂದೊಂದು ಹಲ್ಲಿಗೂ ಏಳೆಂಟು ಗೀರು. ಅಂದ್ರೆ ಹಳೇ ಮಾಲು. ಮ್ಯಾಲಿನ ಚೀಟಿ ಮಾತ್ರ ಹೊಸದು."

"ಅದನ್ನೇ ನಾನೂ ಯೋಳಾದು," ಎಂದ ನಂಜಪ್ಪ. "ಹೊಸದನ್ನ ಕಿತ್ಕಂಡು ಹಳೇದನ್ನ ಸಿಕ್ಕಿಸವ್ನೆ."

"ಯಾವಾಗ? ಅದು ಗೊತ್ತಾದ್ರೆ ಯಾರು ಅನ್ನಾದು ಗೊತ್ತಾಗ್ತದೆ."

ಅವರು ಸನ್ನೆ ಮಾಡಿದರು. ಲೋಹಿತ್ ಕ್ಯಾಸೆಟ್ ಓಡಿಸಿದ. ಚಿತ್ರದಲ್ಲಿ ಪುಟ್ಟಸ್ವಾಮಿ ಬೆಳ್ಳಿಬಣ್ಣದ ಪುಟ್ಟ ಚೀಲವನ್ನು ಎತ್ತಿ ಕ್ಯಾಮೆರಾಕ್ಕೆ ತೋರಿಸಿದ. ಬಾಯಿಗೆ ಅಂಗಡಿಯ ಮೊಹರಿನ ಕಾಗದ ಅಂಟಿಸಿತ್ತು. ಕತ್ತರಿಯಿಂದ ಕತ್ತರಿಸಿ, ಪಟ್ಟಿಗಳನ್ನು ತೆಗೆದು ಒಳಗೆ ಸಿಕ್ಕಿಸಿದ. ಲೋಹಿತ್ ಮುಂದಕ್ಕೆ ಓಡಿಸಿದ. ಚಿತ್ರ ಎಲ್ಲಿಯೂ ತುಂಡಾಗಿರಲಿಲ್ಲ. ಡಬ್ಬಿ ಮುಚ್ಚಿತು, ಕುಂಕುಮ ಬಿತ್ತು, ಆರತಿ ಎತ್ತಿದರು. ಚಿತ್ರದೊಳಗಿನ ನಂಜಪ್ಪ ಕ್ಯಾಮೆರಾದ ಹತ್ತಿರ ಬಂದು ಕಂಪ್ಯೂಟರಿನ ಪರದೆಯನ್ನು ದೊಡ್ಡದು ಮಾಡಿದ. ಪಟ್ಟೆಪಟ್ಟೆಯಾಗಿ ನಡುಗುವ ಕಪ್ಪು ಪರದೆಯಲ್ಲಿ ಅಂಕಿಗಳು ಏರತೊಡಗಿದವು.

"ನಿಲ್ಸು."

65536.

ಕುಮಾರ ಬಾಯಿಲೆಕ್ಕ ಹಾಕಿ, "ಅರವತ್ನಾಲ್ಕೇ," ಎಂದ. "ಪೂಜೆ ದಿನಾನೆ ಅರವತ್ನಾಲ್ಕು."

"ನಾಕ್ ಸಲ ನೋಡಿದೀರಿ," ಎಂದರು ಪುಟ್ಟಲಕ್ಷ್ಮಮ್ಮ. "ಅವರವರ ಮುಖ ಅವರವರು ನೋಡ್ಕಂಡ್ರಿ. ಜೋಡಿಸ್ದೋನಾದ್ರೂ ನೋಡ್ಬೇಕಿತ್ತು, ಕಣ್ಮುಚ್ಚಿ ಕೈಮುಗೀತಾ ಅವ್ನೆ."

"ಕಪೂರ ಹಚ್ಚಿದ್ರು ಕಣಮ್ಮ," ಎಂದ ಪುಟ್ಟಸ್ವಾಮಿ ಸಣ್ಣ ದನಿಯಲ್ಲಿ.

"ಅಲ್ಲಿಗೆ ಲೋಹಿತ ಅಲ್ಲ. ಅವ್ನಿಗೆ ಬೀಗದ ಕೈ ಸಿಕ್ಕಿದ್ದು ಮಾರನೇ ದಿನ. ಪುಟ್ಟಸ್ವಾಮೀನೂ ಅಲ್ಲ, ಚೀಲ ಕತ್ತರಿಸ್ದಾಗಿನಿಂದ ಅವ್ನ ಕೈ ಚಿತ್ರದಿಂದ ಆಚೆ ಹೋಗಿಲ್ಲ. ಕುಮಾರಂಗೆ ಮೆಮೊರಿ ಅರ್ಧ ಸಾಕಿತ್ತು, ನಿಜ. ಆದ್ರೆ ಮೊಹರು ಒಡೀದೆ ಒಳಗಿನ ಮಾಲು ಬದಲಾಯಿಸೋಕೆ ಅವ್ನಿಗೂ ಆಗಲ್ಲ. ಹಳೇ ಮಾಲು ಚೀಲ ಸೇರಿದ್ದು ಬೆಂಗಳೂರಲ್ಲೇ. ಹೋದ ತಿಂಗಳು ತೈವಾನಲ್ಲಿ ಭೂಕಂಪ ಆಯ್ತಲ್ಲ, ಆಮ್ಯಾಲೆ ಮೆಮೊರಿ ರೇಟು ಏರೈತೆ ಅಂತ ಚಿಕ್ಕಸ್ವಾಮೀನೇ ಪೇಪರಲ್ಲಿ ಬರ್ದಿದ್ದ. ಅಂಗಡಿಯೋನಿಗೆ ಕಾರಣ ಸಿಕ್ತು."

"ಆದ್ರೆ ಅಂಗಡೀಲಿ ಟೆಸ್ಟ್ ಮಾಡ್ಸಿ..." ಎಂದು ನಂಜಪ್ಪ ಶುರುಮಾಡಿ, ಅರ್ಧಕ್ಕೇ ನಿಲ್ಲಿಸಿದ.

ಪುಟ್ಟಲಕ್ಷ್ಮಮ್ಮ ಚಿಕ್ಕಸ್ವಾಮಿಯ ಕಡೆ ನೋಡಲಿಲ್ಲ. ಭೂತಗನ್ನಡಿಯನ್ನು ಮಡಿಲಲ್ಲಿಟ್ಟು ಒರೆಸತೊಡಗಿದರು.

ಚಿಕ್ಕಸ್ವಾಮಿ ಪೆನ್ನಿನ ಮುಚ್ಚಳ ಹಾಕಿದ. ಹೇಳದೆ ಇರುವ ದಾರಿ ಇನ್ನೂ ಒಂದಿತ್ತು. ಪರೀಕ್ಷೆ ಆದ ಮೇಲೆ ಅಂಗಡಿಯವನೇ ಬದಲಾಯಿಸಿ ಮೊಹರು ಹಾಕಿದ ಎನ್ನಬಹುದಿತ್ತು. ಯಾರೂ ಅಲ್ಲವೆನ್ನಲು ಆಗುತ್ತಿರಲಿಲ್ಲ. ಅವನ ಕಣ್ಣು ಗೋಡೆಗೆ ಒರಗದೆ ನಿಂತಿದ್ದ ಲೋಹಿತನ ಮೇಲೆ ಬಿತ್ತು.

"ಪರೀಕ್ಷೆ ಮಾಡಿಸಿರಲಿಲ್ಲ," ಎಂದ. "ಯಾವ ಬೋರ್ಡಿಗೆ ಹಾಕಿ ತೋರಿಸಲಿ ಅಂತ ಅಂಗಡಿಯವನು ಕೇಳಿದ. ನನಗೆ ಪ್ರಶ್ನೆಯೇ ಅರ್ಥ ಆಗಲಿಲ್ಲ. ಸುತ್ತ ನಾಲ್ಕು ಜನ ಇದ್ರು. ಬೇಡ, ನಂಗೆ ಗೊತ್ತು ಪ್ಯಾಕ್ ಮಾಡು ಅಂದೆ. ಇಲ್ಲಿಗೆ ಬಂದ್ಮೇಲೆ ನಂಜಪ್ಪ ಕೇಳಿದ್ರು, ಮಾಡಿಸಿದೆ ಅಂದೆ. ಹೋಟೆಲಲ್ಲಿ ಬರೆದುಕೊಟ್ಟ ಪಟ್ಟೀನೂ ಒಂದು ಇಂಗ್ಲಿಷ್ ಮ್ಯಾಗಜೀನ್ ನೋಡಿ ಇಳಿಸಿದ್ದು."

"ಮತ್ತೆ ಆ ನಂಬರು?" ಎಂದ ಕುಮಾರ.

"ಕ್ಯಾಲ್ಕುಲೇಟರಲ್ಲಿ ಗುಣಿಸ್ದೆ. ಸಂಖ್ಯೆ ಇದ್ರೆ ನಂಬ್ತಾರೆ."

"ನೀನು ನೋಡ್ದಾ ಅಂತ ಕೇಳಿದ್ರೆ ಬರೆದಿದೀನಿ ಅಂದೆ," ಎಂದರು ಪುಟ್ಟಲಕ್ಷ್ಮಮ್ಮ. "ಅಲ್ಲೇ ನಂಗೆ ಅನುಮಾನ ಬಂತು ಕಣಪ್ಪ. ಬಾಬುರಾಯನಕೊಪ್ಪಲಿಗೆ ಒಬ್ಬನ್ನೇ ಕಳಿಸ್ದೆ, ದಾರೀಲಿ ಮನಸ್ಸು ಬದಲಾಗಿ ನೀನಾಗೇ ಬಂದು ಯೋಳ್ತೀಯ ಅಂತ. ಬರಲಿಲ್ಲ."

ಬೈದಿದ್ದರೆ ಚಿಕ್ಕಸ್ವಾಮಿಗೆ ಹಗುರವಾಗುತ್ತಿತ್ತೇನೋ. ಅವರು ಬೈಯಲಿಲ್ಲ. ನಂಜಪ್ಪ ಎದ್ದು ಲೋಹಿತನ ಭುಜ ಹಿಡಿಯಹೋದ. ಲೋಹಿತ್ ಒಂದು ಹೆಜ್ಜೆ ಸರಿದು ನಿಂತ.

"ಬುಡಣ್ಣ. ಈ ಪೇಪರಿನೋರು ಯೋಳಿದ್ರು, ನೀನು ನಂಬ್ದೆ. ಆರು ವರ್ಷದಿಂದ ನಾನು ಯೋಳಿದ್ದು ಏನಾಯ್ತು?"

ಮರುದಿನ ನಂಜಪ್ಪನೂ ಪುಟ್ಟಸ್ವಾಮಿಯೂ ಕ್ಯಾಸೆಟ್ಟು, ರಸೀದಿ ಹಿಡಿದು ಬೆಂಗಳೂರಿಗೆ ಹೋಗುವುದೆಂದಾಯಿತು.

ಚಿಕ್ಕಸ್ವಾಮಿ ಅಂದೇ ತಿದ್ದುಪಡಿ ಬರೆದು ಕಳಿಸಿದ. ತನ್ನ ಹೆಸರು ಹಾಕಿ, ತಾನು ಸುಳ್ಳು ಹೇಳಿದೆನೆಂದು ಹನ್ನೊಂದು ಸಾಲು. ಪತ್ರಿಕೆ ಮಂಗಳವಾರ ಒಳಪುಟದಲ್ಲಿ ಎರಡು ಸಾಲು ಹಾಕಿತು: ಸುದ್ದಿಯಲ್ಲಿ ಹೆಸರಿಸಿದ್ದ ವ್ಯಕ್ತಿಗೆ ಪ್ರಕರಣದೊಂದಿಗೆ ಸಂಬಂಧವಿಲ್ಲ, ವಿಷಾದಿಸುತ್ತೇವೆ. ಯಾವ ವ್ಯಕ್ತಿ, ಯಾವ ಪ್ರಕರಣ ಎಂಬುದು ಅದರಲ್ಲಿರಲಿಲ್ಲ. ಅದನ್ನು ಹಿಡಿದು ಅವನು ಲೋಹಿತನ ಮನೆಗೆ ಹೋದ.

"ಕೆ.ಆರ್. ಪೇಟೆಯೋರು ಇದನ್ನ ಓದಲ್ಲ ಸಾರ್," ಎಂದ ಲೋಹಿತ್. "ಓದಿದ್ರೂ ನಾನು ಅಂತ ತಿಳಿಯಲ್ಲ. ನೀವೇ ಬನ್ನಿ."

ಹೋದರು. ಮೊದಲ ಮನೆ ಕಿಕ್ಕೇರಿ ರಸ್ತೆಯಲ್ಲಿ. ಮದುವೆ ಹೆಣ್ಣಿನ ತಾಯಿ ಜಯಲಕ್ಷ್ಮಮ್ಮ ಪೇಪರಿನವರೆಂದು ಗುರುತು ಹಿಡಿದು ಚಿಕ್ಕಸ್ವಾಮಿಗೆ ಕುರ್ಚಿ ಹಾಕಿಸಿದರು. ಲೋಹಿತ್ ಗೇಟಿನ ಆಚೆಯೇ ನಿಂತಿದ್ದ. ಅವನನ್ನು ಯಾರೂ ಕರೆಯಲಿಲ್ಲ. ಕಾಫಿ ಒಂದೇ ಲೋಟ ಬಂತು.

ಚಿಕ್ಕಸ್ವಾಮಿ ಲೋಟ ಮುಟ್ಟದೆ ಎದ್ದು ನಿಂತ. ಅಂಗಡಿ, ಬೋರ್ಡು, ಗುಣಿಸಿದ ಸಂಖ್ಯೆ, ಯಾವುದನ್ನೂ ಬಿಡದೆ ಹೇಳಿದ. ಹೇಳುತ್ತಿರುವಾಗ ಒಳಗಿನಿಂದ ಮದುವೆ ಹೆಣ್ಣು, ಅವಳ ತಂದೆ, ಪಕ್ಕದ ಮನೆಯವರಿಬ್ಬರು ಬಂದು ನಿಂತರು.

ಜಯಲಕ್ಷ್ಮಮ್ಮ ಅವನನ್ನು ಅಡಿಯಿಂದ ಮುಡಿವರೆಗೆ ನೋಡಿದರು. "ಓದ್ದೋರು ನೀವು," ಎಂದರು. ಆಮೇಲೆ ಗೇಟಿನ ಕಡೆ ತಿರುಗಿ, "ಬಾರಪ್ಪ ಒಳಿಕ್ಕೆ. ನಿನ್ನೆ ಮೈಸೂರೋರಿಗೆ ಮಾತು ಕೊಟ್ಬುಟ್ವಲ್ಲ, ಏನ್ ಮಾಡಾನ?"

"ಇರ್ಲಿ ಬುಡಿ ಅಮ್ಮ. ಮಾತು ಕೊಟ್ಮೇಲೆ ಮುಗೀತು," ಎಂದ ಲೋಹಿತ್. ಒಳಗೆ ಬಂದು, ಅವರು ಕೊಟ್ಟ ನೀರು ಕುಡಿದು, ಲೋಟ ಕೆಳಗಿಟ್ಟ.

ಮತ್ತೆ ರಸ್ತೆಗೆ ಬಂದಾಗ ಚಿಕ್ಕಸ್ವಾಮಿಗೆ ಏನಾದರೂ ಹೇಳಬೇಕೆನಿಸಿತು. ಲೋಹಿತ್ ಆಗಲೇ ಹತ್ತು ಮಾರು ಮುಂದೆ ನಡೆದಿದ್ದ.

"ಇನ್ನೆರಡು ಮನೆ ಅವೆ ಸಾರ್," ಎಂದ, ತಿರುಗಿ ನೋಡದೆ.