ಎಡ ಬಲ ಇಲ್ಲದ ಶೂ

“ಮೇಡಂ, ನೀವು ಕೊಟ್ಟಿರೋ ಶೂ ಎರಡೂ ಎಡಗಾಲಿಂದು!”

ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿ ಬಂದು, ಬಾಗಿಲಲ್ಲೇ ನಿಂತು, ಏದುಸಿರು ಬಿಡುತ್ತ ನಾನು ಅವಳಿಗೆ ಹೇಳಿದ ಮೊಟ್ಟಮೊದಲ ಮಾತು ಇದು. ಇದಕ್ಕಿಂತ ಕೆಟ್ಟದಾಗಿ ಯಾರ ಪ್ರೇಮವೂ ಶುರುವಾಗಿರಲಾರದು.

ಅದು ಸೈಕಲ್ ರಿಪೇರಿ ಅಂಗಡಿಯ ಮೇಲಿನ ಮಹಡಿ. ಒಂದು ಗೋಡೆಯ ತುಂಬ ಕನ್ನಡಿ, ಎದುರು ಗೋಡೆಗೆ ಸೊಂಟದೆತ್ತರದಲ್ಲಿ ಬಿಗಿದ ಮರದ ಕಂಬಿ, ಕಂಬಿ ಹಿಡಿದು ಸಾಲಾಗಿ ನಿಂತ ಮಕ್ಕಳು. ನನ್ನ ಗುಡುಗಿಗೆ ಎಲ್ಲರ ಮೊಣಕಾಲುಗಳೂ ಅರ್ಧ ಮಡಿಸಿದಲ್ಲೇ ನಿಂತುಬಿಟ್ಟವು. ಸಾಲಿನ ಕೊನೆಯಲ್ಲಿದ್ದವಳು ನನ್ನ ಅಕ್ಕನ ಮಗಳು ಬುಗುರಿ. ನಡೆಯಲು ಕಲಿತ ದಿನದಿಂದ ಸುತ್ತುತ್ತಲೇ ಇರುವುದಕ್ಕೆ ನಾನಿಟ್ಟ ಹೆಸರು ಅದು. ಅವಳು ಕನ್ನಡಿಯೊಳಗೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

ಬ್ಯಾಲೆ ಟೀಚರ್ ಮಾತ್ರ ಬೆಚ್ಚಲಿಲ್ಲ. ನೇರ ಬೆನ್ನು, ನೀಳ ಕತ್ತು, ತಲೆಯ ಮೇಲೆ ಬಿಗಿಯಾದ ಗಂಟು. ಆ ಗಂಟಿಗೇ ನಾನು ಗಂಟು ಬಿದ್ದೆ ಎಂಬುದು ಆಮೇಲೆ ತಿಳಿಯಿತು. ಶೂಗಳನ್ನು ನನ್ನ ಕೈಯಿಂದ ತೆಗೆದುಕೊಂಡು, ತಿರುಗಿಸಿ ಮುರುಗಿಸಿ ನೋಡಿದಳು.

“ಎರಡೂ ಎಡಗಾಲಿಂದಾ?”

“ಹೂಂ. ಪಕ್ಕಪಕ್ಕ ಇಟ್ಟು ನೋಡಿದೀನಿ. ಅಚ್ಚು ಹೊಡೆದ ಹಾಗಿದೆ.”

“ಎರಡೂ ಬಲಗಾಲಿಂದೇ ಯಾಕಾಗಿರಬಾರದು?”

ನಾನು ಬಗ್ಗಿ ಶೂಗಳನ್ನು ಇನ್ನೊಮ್ಮೆ ನೋಡಿದೆ. ಬಾಯಿಯಿಂದಲೇ ಬದುಕುವ ನನಗೆ ಕಣ್ಣು ಬಳಸುವುದು ಹೊಸ ಅನುಭವ.

“ತುದಿಗಾಲಲ್ಲಿ ನಿಲ್ಲೋ ಶೂಗೆ ಎಡ ಬಲ ಇರಲ್ಲ ಸರ್,” ಎಂದಳು. “ಎರಡೂ ಒಂದೇ ಥರ ಹುಟ್ಟುತ್ವೆ. ಹಾಕ್ಕೊಂಡು ಕುಣೀತಾ ಕುಣೀತಾ ಕಾಲೇ ಅವಕ್ಕೆ ಹೇಳಿಕೊಡುತ್ತೆ, ನೀನು ಎಡ, ನೀನು ಬಲ ಅಂತ.”

ಮಕ್ಕಳು ಕಿಸಕ್ಕೆಂದರು. ಬೆಂಚಿನ ಮೇಲಿದ್ದ ತಾಯಂದಿರು ದುಪಟ್ಟಾದೊಳಗೆ ನಕ್ಕರು. ಟೀಚರ್ ಕೂಡ ನಕ್ಕಳು. ಅವಳ ನಗುವಿಗೆ ಮಾತ್ರ ಎಡ ಬಲ ಇತ್ತು. ಗುಳಿ ಬೀಳುತ್ತಿದ್ದುದು ಎಡಗೆನ್ನೆಯಲ್ಲಿ ಮಾತ್ರ.

ಸೋಲೊಪ್ಪುವ ಜಾತಿ ನನ್ನದಲ್ಲ. “ರಿಬ್ಬನ್ನೂ ಹೊಲಿದಿಲ್ಲ ನೋಡಿ. ಸುಮ್ಮನೆ ಸುತ್ತಿ ಕೊಟ್ಟಿದೀರಿ.”

“ಅದನ್ನ ನೀವೇ ಹೊಲೀಬೇಕು.” ಅವಳು ಸೂಜಿ ದಾರ ತಂದು ನನ್ನ ಅಂಗೈಯಲ್ಲಿಟ್ಟಳು. “ಇಲ್ಲಿನ ಪದ್ಧತಿ. ಮಗುನ ಯಾರು ಕರ್ಕೊಂಡು ಬರ್ತಾರೋ ಅವರದ್ದೇ ಹೊಲಿಗೆ. ಮಗು ಎಲ್ಲಾ ಭಾರಾನೂ ಅದರ ಮೇಲೆ ಹಾಕಿ ನಿಲ್ಲುತ್ತೆ. ಅದನ್ನ ಹೊರಗಿನವರ ಕೈಗೆ ಕೊಡೋಕಾಗಲ್ಲ.”

ಅವಳ ಬೆರಳು ನನ್ನ ಅಂಗೈಗೆ ತಾಗಿತೋ, ಸೂಜಿ ಚುಚ್ಚಿತೋ. ಏನೋ ಒಂದು ಒಳಗೆ ಇಳಿದದ್ದು ನಿಜ.

ಅಂದಿನಿಂದ ನಾನು ಮೆಟ್ಟಿಲ ಮೇಲೆ ಕುಳಿತು ಹೊಲಿಯತೊಡಗಿದೆ. ಬೇಕೆಂದೇ ನಿಧಾನವಾಗಿ. ಒಂದು ಹೊಲಿಗೆ, ಒಂದು ನೋಟ. ಹೊಲಿದದ್ದು ಸರಿಯಾಗಿಬಿಟ್ಟರೆ ಬಿಚ್ಚಿ ಮತ್ತೆ ಹೊಲಿಗೆ.

“ಮಾಮ, ಆ ರಿಬ್ಬನ್ ಮೊನ್ನೇನೇ ಮುಗಿದಿತ್ತಲ್ವಾ?” ಎಂದು ಬುಗುರಿ ಎಲ್ಲರೆದುರು ಕೇಳಿದಳು.

“ಇದು ಎರಡನೇ ಮುದ್ರಣ ಕಣೇ, ಪರಿಷ್ಕೃತ,” ಎಂದೆ. ಕನ್ನಡಿಯೊಳಗೆ ಟೀಚರ್ ಕಣ್ಣು ನನ್ನ ಕಣ್ಣಿಗೆ ಸಿಕ್ಕಿ, ತಕ್ಷಣ ಮಕ್ಕಳ ಪಾದಗಳ ಕಡೆ ಜಾರಿತು. ಗುಳಿ ಮಾತ್ರ ಜಾರಲು ಮರೆಯಿತು.

ನನ್ನ ಕೆಲಸ ಧ್ವನಿ ಕೊಡುವುದು. ಮಕ್ಕಳ ಕಾರ್ಟೂನಿನ ಸೋಮಾರಿ ಮೊಸಳೆ ನಾನೇ, ಅದರ ಅತ್ತೆಯೂ ನಾನೇ. ಒಂದು ದಿನ ಅವಳಿ ಹುಡುಗರು ಅಳುತ್ತ ಬಂದಾಗ ಸುಮ್ಮನಾಗಿಸಲೆಂದು ಲಿಫ್ಟಿನ ಧ್ವನಿ ಮಾಡಿದೆ. “ನಾಲ್ಕನೇ ಮಹಡಿ. ಬಾಗಿಲು ತೆರೆಯುತ್ತಿದೆ. ದಯವಿಟ್ಟು ಹುಷಾರಾಗಿ ಹೆಜ್ಜೆ ಇಡಿ.”

ಟೀಚರ್ ಗಕ್ಕನೆ ತಿರುಗಿದಳು. “ಅದು ನಮ್ಮ ಮನೆ ಲಿಫ್ಟು! ನಾನಿರೋದೂ ನಾಲ್ಕನೇ ಮಹಡೀನೇ!”

“ಇರಬಹುದು. ಸುಮಾರು ಲಿಫ್ಟುಗಳಲ್ಲಿ ನಾನೇ ಇದೀನಿ.”

“ಅಂದ್ರೆ ದಿನಾ ಬೆಳಿಗ್ಗೆ ನನ್ನನ್ನ ಕೆಳಗಿಳಿಸಿ, ಸಂಜೆ ಮೇಲಕ್ಕೆತ್ತೋರು ನೀವೇನಾ?”

“ಒಂದು ದಿನಾನಾದ್ರೂ ನಡುವೆ ನಿಲ್ಸಿದೀನಾ ಹೇಳಿ.”

ಅವಳು ನಕ್ಕ ರಭಸಕ್ಕೆ ತಲೆಯ ಗಂಟಿನಿಂದ ಒಂದು ಪಿನ್ನು ಉದುರಿತು. ಅದನ್ನು ಹೆಕ್ಕಿ ಕೊಡುವ ನೆಪದಲ್ಲಿ ಜೇಬಿಗೆ ಹಾಕಿಕೊಂಡೆ. ಇನ್ನೂ ಕೊಟ್ಟಿಲ್ಲ.

ಹೀಗೆ ಎಲ್ಲವೂ ತುದಿಗಾಲಲ್ಲಿ ನಿಂತಿದ್ದಾಗಲೇ ಅರ್ಧವಾರ್ಷಿಕ ಪರೀಕ್ಷೆಯ ಫಲಿತಾಂಶ ಬಂತು.

ಅಕ್ಕ ನೇರ ಕ್ಲಾಸಿಗೇ ಬಂದಳು, ಡ್ಯೂಟಿ ಬಟ್ಟೆಯಲ್ಲೇ. ಆಸ್ಪತ್ರೆಯಲ್ಲಿ ಅವಳು ಆಪರೇಷನ್ ಥಿಯೇಟರಿನ ನರ್ಸ್. ಭಾವ ಹಡಗಿನ ಮೇಲೆ, ಹೋದರೆ ತಿಂಗಳುಗಟ್ಟಲೆ ಬರುವವರಲ್ಲ. ಬುಗುರಿಯನ್ನು ಶಾಲೆಯಿಂದ ಕ್ಲಾಸಿಗೆ, ಕ್ಲಾಸಿನಿಂದ ಮನೆಗೆ ಸಾಗಿಸುವ ಭಾಗ್ಯ ನನಗೆ ಬಂದದ್ದು ಹಾಗೆ.

“ಇವಳ ಕಾಲು ಮೇಲಕ್ಕೆ ಹೋಗ್ತಾ ಇದೆ, ಮಾರ್ಕ್ಸು ಕೆಳಕ್ಕೆ ಬರ್ತಾ ಇದೆ,” ಎಂದಳು ಅಕ್ಕ. “ವಿಜ್ಞಾನ, ಸಮಾಜ ಎರಡರಲ್ಲೂ ಫೇಲು. ಸ್ಕೂಲಲ್ಲಿ ತೂಕಡಿಸ್ತಾಳಂತೆ. ಬ್ಯಾಲೆ ಸಾಕು ಟೀಚರ್. ಬಿಡಿಸ್ತೀನಿ.”

ಬುಗುರಿ ಕಂಬಿ ಹಿಡಿದು ನಿಂತಿದ್ದಳು. ಸುತ್ತುವ ಬುಗುರಿ ನಿಂತದ್ದನ್ನು ನಾನು ಅಂದೇ ಮೊದಲು ನೋಡಿದ್ದು.

ಟೀಚರ್ ವಾದಿಸುತ್ತಾಳೆಂದುಕೊಂಡೆ. “ನೀವು ಹೇಳೋದು ಸರಿ,” ಎಂದುಬಿಟ್ಟಳು!

ಬುಗುರಿಯ ಕಣ್ಣು ತುಂಬಿತು. ನನ್ನದೂ ತುಂಬುವುದರಲ್ಲಿತ್ತು, ಮೊಸಳೆಯ ಪಾತ್ರಧಾರಿ ಅತ್ತರೆ ಯಾರು ನಂಬುತ್ತಾರೆ ಎಂದು ತಡೆದುಕೊಂಡೆ.

“ಇವಳ ವಯಸ್ಸಲ್ಲಿ ನಾನೂ ಪುಸ್ತಕ ಮುಟ್ತಿರ್ಲಿಲ್ಲ ಅಕ್ಕಾ,” ಎಂದು ಟೀಚರ್ ಮುಂದುವರಿಸಿದಳು. “ಕುಣಿತ ಇದೆಯಲ್ಲ ಅಂತ ಜಂಬ. ಆಮೇಲೆ ನನ್ನ ಕಾಲೇ ನನಗೆ ಕೈಕೊಡ್ತು. ಹಿಮ್ಮಡಿ ಆಪರೇಷನ್. ಮಂಚದ ಮೇಲೆ ಮಲಗಿದಾಗ ಹಿಡ್ಕೊಳ್ಳೋಕೆ ಬೇರೆ ಏನೂ ಇರ್ಲಿಲ್ಲ ನನ್ನ ಹತ್ರ. ದೊಡ್ಡವಳಾದ್ಮೇಲೆ ಚಿಕ್ಕ ಮಕ್ಕಳ ಜೊತೆ ಕೂತು ಪರೀಕ್ಷೆ ಬರೆದೆ. ಇವಳಿಗೆ ಹಾಗಾಗೋದು ಬೇಡ. ಎರಡೂ ಇರಲಿ. ಒಂದೇ ಒಂದು ಅವಕಾಶ ಕೊಡಿ.”

ಅಕ್ಕ ಅವಳ ಹಿಮ್ಮಡಿಯ ಗಾಯದ ಗೆರೆಯನ್ನು ನೋಡಿದಳು. ವೃತ್ತಿಯ ಕಣ್ಣು.

“ಮುಂದಿನ ಪರೀಕ್ಷೆ,” ಎಂದಳು ಕೊನೆಗೆ. “ಎಲ್ಲದ್ರಲ್ಲೂ ಪಾಸಾದ್ರೆ ನಿಮ್ಮ ಬ್ಯಾಲೆ ಪ್ರದರ್ಶನಾನೂ ಉಂಟು, ಕ್ಲಾಸೂ ಉಂಟು. ಒಂದ್ರಲ್ಲಿ ಬಿದ್ರೂ ಶೂ ಬೀರು ಮೇಲೆ. ಆಮೇಲೆ ಇಳಿಯಲ್ಲ.”

ಅಕ್ಕನದೂ ಥಿಯೇಟರ್, ಟೀಚರದೂ ಥಿಯೇಟರ್. ಎರಡರ ನಡುವೆ ಮೇಜಿನ ಮೇಲೆ ಮಲಗಿದ್ದು ಮಾತ್ರ ಒಂದೇ ಪುಟ್ಟ ಪ್ರಾಣ. ಅಲ್ಲ, ಒಂದೂವರೆ. ಬುಗುರಿ ಕ್ಲಾಸು ಬಿಟ್ಟರೆ ನಾನು ಆ ಮೆಟ್ಟಿಲು ಹತ್ತಲು ನೆಪ ಎಲ್ಲಿಂದ ತರಲಿ?

ಉಪಾಯ ಹೊಳೆದದ್ದು ಟೀಚರಿಗೆ. “ಮೈ ಬಗ್ಗಿಸಿ ಸಡಿಲ ಮಾಡ್ಕೊಳ್ಳೋವಾಗ ಮಕ್ಕಳ ಕಿವಿ ಖಾಲಿ ಇರುತ್ತೆ. ನಿಮ್ಮ ಬಾಯಿ ಯಾವತ್ತೂ ಖಾಲಿ ಇರಲ್ಲ. ಎರಡನ್ನೂ ಜೋಡಿಸೋಣ್ವಾ?”

‘ಜೋಡಿಸೋಣ್ವಾ’ ಎಂಬ ಒಂದೇ ಪದಕ್ಕೆ ನಾನು ಇಡೀ ಪಠ್ಯಪುಸ್ತಕ ಓದಿ ರೆಕಾರ್ಡ್ ಮಾಡಲು ತಯಾರಾದೆ.

ಮರುದಿನದಿಂದ ಆ ಮಹಡಿಯಲ್ಲಿ ಸಂಗೀತಕ್ಕೆ ಮುಂಚೆ ವಿಜ್ಞಾನ ಮೊಳಗಿತು. “ಪ್ರಯಾಣಿಕರ ಗಮನಕ್ಕೆ! ಅನ್ನನಾಳದ ಮಾರ್ಗವಾಗಿ ಹೊರಟ ತುತ್ತು ಜಠರದ ನಿಲ್ದಾಣಕ್ಕೆ ಬಂದು ಸೇರಿದೆ. ಸಣ್ಣ ಕರುಳಿಗೆ ಹೋಗುವವರು ಇಲ್ಲೇ ಆಮ್ಲದಲ್ಲಿ ನೆನೆದು ಮುಂದುವರಿಯತಕ್ಕದ್ದು.” ಮಕ್ಕಳು ನೆಲದ ಮೇಲೆ ಕಾಲು ಚಾಚಿ, ಹಣೆಯನ್ನು ಮೊಣಕಾಲಿಗೆ ತಾಗಿಸಿ, ಆ ಭಂಗಿಯಲ್ಲೇ ಬಿದ್ದು ಬಿದ್ದು ನಕ್ಕರು. ಎಲೆ ಆಹಾರ ತಯಾರಿಸುವ ಪಾಠವನ್ನು ಮೊಸಳೆ ಹೇಳಿತು: “ಬಿಸಿಲಲ್ಲಿ ಸುಮ್ನೆ ಬಿದ್ಕೊಂಡೇ ಅಡುಗೆ ಮಾಡೋದಾ? ನನಗೂ ಕಲಿಸ್ರಪ್ಪಾ!” ಫ್ರಾನ್ಸಿನ ರಾಜ, ರಾಣಿ, ಪ್ರಜೆಗಳ ಜಗಳಕ್ಕೆ ಅಕ್ಕನದೂ ನನ್ನದೂ ಪಾತ್ರೆ ತೊಳೆಯುವ ಜಗಳದ ಧಾಟಿ ಹೇಳಿ ಮಾಡಿಸಿದ ಹಾಗಿತ್ತು.

ಬುಗುರಿ ಕಂಬಿ ಹಿಡಿದು ಕಾಲೆತ್ತುತ್ತ ಉತ್ತರ ಹೇಳುವಳು. ತಪ್ಪಿದರೆ ಟೀಚರ್ ಕಾಲು ಇಳಿಸಲು ಬಿಡುತ್ತಿರಲಿಲ್ಲ. “ಪಿತ್ತಜನಕಾಂಗದ ಕೆಲಸ ಹೇಳು, ಆಮೇಲೆ ಇಳಿಸು.”

“ಟೀಚರ್, ಕಾಲು ನೋಯ್ತಿದೆ!”

“ಪಿತ್ತಜನಕಾಂಗ ನೋಯ್ತಿಲ್ವಲ್ಲ, ಹೇಳು.”

ಮಕ್ಕಳು ಹೋದ ಮೇಲೆ ಇಬ್ಬರೂ ಮೆಟ್ಟಿಲ ಮೇಲೆ ಕಾಫಿ ಕುಡಿಯುತ್ತ ಮರುದಿನದ ಪಾಠಕ್ಕೆ ಧ್ವನಿ ಆರಿಸುವೆವು. ಕೆಳಗೆ ಸೈಕಲ್ಲಿಗೆ ಗಾಳಿ ಹೊಡೆಯುವ ಸದ್ದು. ಮೇಲೆ ನನ್ನ ಎದೆಗೂ ಯಾರೋ ಹಾಗೇ ಪಂಪು ಹಾಕಿ ಕುಳಿತಂತೆ.

ಒಂದು ಸಂಜೆ ಧೈರ್ಯ ಮಾಡಿ, ಹಳೇ ಸಿನಿಮಾ ನಾಯಕರ ಗದ್ಗದ ದನಿಯಲ್ಲಿ ಶುರುಮಾಡಿದೆ: “ದೇವೀ, ನೀನಿಲ್ಲದ ಈ ಬಾಳು...”

ಅವಳು ಕಾಫಿ ಲೋಟ ಕೆಳಗಿಟ್ಟಳು. “ಇದು ಯಾರ ಧ್ವನಿ?”

“ನಾಯಕಂದು.”

“ಅವನಿಗೆ ಹೇಳಿ, ನನಗೆ ಪುರುಸೊತ್ತಿಲ್ಲ ಅಂತ.”

ಇನ್ನೊಂದು ದಿನ ಲಿಫ್ಟಿನ ಧ್ವನಿಯಲ್ಲಿ ಪ್ರಯತ್ನಿಸಿದೆ. ಮೊಸಳೆಯಲ್ಲೂ. ಪ್ರತಿ ಸಲವೂ ಅವಳು ಮನಸಾರೆ ನಗುವಳು, ಆಮೇಲೆ ಅದೇ ಪ್ರಶ್ನೆ. ಒಮ್ಮೆ ನಗು ಮುಗಿದ ಮೇಲೂ ನನ್ನನ್ನೇ ನೋಡುತ್ತ ಕುಳಿತಳು. “ನೀವು ಎಲ್ಲರ ಥರಾನೂ ಮಾತಾಡ್ತೀರಿ. ನಿಮ್ಮ ಥರ ಮಾತಾಡಿದ ದಿನ ಉತ್ತರ ಕೊಡ್ತೀನಿ.”

ಆ ವಾರ ಅವಳು ಮಕ್ಕಳಿಗೆ ಬ್ಯಾಲೆಯ ಮೂಕ ಮಾತು ಕಲಿಸುತ್ತಿದ್ದಳು. ವೇದಿಕೆಯ ಮೇಲೆ ಬಾಯಿ ಬಿಡುವಂತಿಲ್ಲ, ಕೈಯೇ ನಾಲಿಗೆ. ತಲೆಯ ಮೇಲೆ ಕೈಗಳನ್ನು ಒಂದರ ಸುತ್ತ ಒಂದು ತಿರುಗಿಸಿದರೆ ‘ಕುಣಿಯೋಣ’. ಎದೆಯ ಮೇಲೆ ಎರಡೂ ಅಂಗೈ ಇಟ್ಟರೆ ‘ಪ್ರೀತಿ’. ಮುಷ್ಟಿ ಬಿಗಿದು ಮಣಿಕಟ್ಟುಗಳನ್ನು ಮುಂದೆ ಅಡ್ಡಡ್ಡ ಇಳಿಸಿದರೆ ‘ಸಾವು’. ನಾನು ಮೆಟ್ಟಿಲಲ್ಲಿ ಕುಳಿತು ಕದ್ದು ಕಲಿತೆ. ಕದ್ದು ಕಲಿತದ್ದು ಹೇಗಿರಬೇಕೋ ಹಾಗೇ ಕಲಿತೆ.

ಪರೀಕ್ಷೆ ಮುಗಿಯಿತು. ಅಕ್ಕ ಅಂದೇ ಶೂಗಳನ್ನು ತೆಗೆದುಕೊಂಡು ಬೀರುವಿನೊಳಗಿಟ್ಟು ಬೀಗ ಹಾಕಿದಳು. ಫಲಿತಾಂಶ ಬರುವುದು ಪ್ರದರ್ಶನದ ದಿನ ಮಧ್ಯಾಹ್ನವೇ. ಇತ್ತ ಭೂಗೋಳದ ಜ್ವಾಲಾಮುಖಿಗಳನ್ನೆಲ್ಲ ನಾನೇ ಸಿಡಿಸಿದ್ದರಿಂದ ನನ್ನ ಗಂಟಲು ಕೂತಿತ್ತು. ಡಾಕ್ಟರು ಒಳಗೆ ಟಾರ್ಚ್ ಬಿಟ್ಟು ನೋಡಿ, “ಒಂದು ವಾರ ಬಾಯಿ ಮುಚ್ಕೊಂಡಿರಿ” ಎಂದರು. ಅಕ್ಕ ಅದನ್ನು ಬರೆದು ಕೊಡುತ್ತೀರಾ ಎಂದು ಕೇಳಿದಳು.

ಪ್ರದರ್ಶನದ ಸಂಜೆ. ಪರದೆಯ ಹಿಂದೆ ಪೌಡರು, ಹೇರ್ ಸ್ಪ್ರೇ, ಗಡಿಬಿಡಿ. ಬುಗುರಿ ಗಂಟು ಹಾಕಿಸಿಕೊಂಡು, ಬಿಳಿ ಲಂಗ ತೊಟ್ಟು, ಬರಿಗಾಲಲ್ಲಿ ಬಾಗಿಲನ್ನೇ ನೋಡುತ್ತ ನಿಂತಿದ್ದಳು. ಅವಳ ಒಂದು ಕೈ ಟೀಚರ್ ಹಿಡಿದಿದ್ದಳು, ಇನ್ನೊಂದು ನಾನು.

ಅಕ್ಕ ಬಂದಳು. ಆಪರೇಷನ್ ಮುಗಿಸಿ ಹೊರಬರುವವರ ಮುಖ. ಏನೂ ಓದಲಾಗದು.

“ಸಮಾಜ ಪಾಸು,” ಎಂದಳು. “ವಿಜ್ಞಾನದಲ್ಲಿ ಇವಳು ಏನು ಬರೆದಿದಾಳೆ ಗೊತ್ತಾ? ‘ತುತ್ತು ಜಠರದ ನಿಲ್ದಾಣಕ್ಕೆ ಬಂದು ಸೇರಿದೆ’ ಅಂತ! ಮೇಷ್ಟ್ರು ಪಕ್ಕದಲ್ಲಿ ಕೆಂಪಲ್ಲಿ ಬರೆದಿದಾರೆ: ‘ಉತ್ತರ ಸರಿ. ರೈಲು ಬೇಡ.’”

“ಅಂದ್ರೆ...?” ಬುಗುರಿಯ ದನಿ ನನ್ನದಕ್ಕಿಂತ ಕೆಟ್ಟದಾಗಿತ್ತು.

“ಅಂದ್ರೆ ಪಾಸು ಕಣೇ! ಎಲ್ಲದ್ರಲ್ಲೂ!”

ಬುಗುರಿ ಕಿರುಚಿ, ಅಮ್ಮನ ಸೊಂಟ ಹಿಡಿದು, ಅಮ್ಮನ ಸಮೇತ ಸುತ್ತಿದಳು. ಅಕ್ಕ ತಲೆ ತಿರುಗಿ ನಿಂತು, ಚೀಲದಿಂದ ಶೂ ತೆಗೆದಳು. ನನ್ನ ವಕ್ರ ಹೊಲಿಗೆಗಳೆಲ್ಲ ಮಾಯ. ಸಣ್ಣ, ಒತ್ತಾದ, ಒಂದೇ ಅಳತೆಯ ಹೊಲಿಗೆಗಳು.

“ಕೂತು ನಾನೇ ಹೊಲಿದೆ,” ಎಂದಳು, ಯಾರ ಮುಖವನ್ನೂ ನೋಡದೆ. “ಕರ್ಕೊಂಡು ಬರೋರೇ ಹೊಲೀಬೇಕಂತಲ್ಲ. ಡ್ಯೂಟಿ ಬದಲಾಯಿಸ್ಕೊಂಡಿದೀನಿ. ಇನ್ಮೇಲೆ ಇವಳನ್ನ ನಾನೇ ಕರ್ಕೊಂಡು ಬರೋದು.” ಆಮೇಲೆ ನನ್ನ ಕಡೆ ತಿರುಗಿ, ತುಟಿಯಂಚಲ್ಲಿ ನಕ್ಕಳು. “ಇಲ್ಲಿಗೆ ಬರೋಕೆ ನೀನು ಬೇರೆ ಕಾರಣ ಹುಡುಕ್ಕೋ ತಮ್ಮಾ.”

ಸಂಗೀತ ಶುರುವಾಯಿತು. ಬುಗುರಿ ಬೆಳಕಿಗೆ ನಡೆದು, ಅಮ್ಮನ ಹೊಲಿಗೆಯ ಮೇಲೆ ಇಡೀ ಮೈಯ ಭಾರ ಹಾಕಿ, ಎರಡೂ ತುದಿಗಾಲ ಮೇಲೆ ಎದ್ದಳು. ಎದ್ದು, ಸುತ್ತಿದಳು. ಅಕ್ಕ ಬಾಯಿಗೆ ಸೆರಗು ಒತ್ತಿ ಹಿಡಿದಿದ್ದಳು.

ಪರದೆಯ ಮರೆಯಲ್ಲಿ ಟೀಚರ್ ನನ್ನ ಪಕ್ಕದಲ್ಲೇ ಇದ್ದಳು. ನೆಪ ಮುಗಿದಿತ್ತು. ಧ್ವನಿ ಇರಲಿಲ್ಲ. ನಾಯಕ, ಲಿಫ್ಟು, ಮೊಸಳೆ, ಎಲ್ಲರೂ ಕೈಬಿಟ್ಟು ಓಡಿದ್ದರು. ಉಳಿದದ್ದು ಎರಡು ಕೈ. ಅವಳ ಭುಜ ತಟ್ಟಿ ಅವಳನ್ನು ತೋರಿಸಿದೆ, ನನ್ನನ್ನು ತೋರಿಸಿಕೊಂಡೆ, ಆಮೇಲೆ ಮುಷ್ಟಿ ಬಿಗಿದು ಮಣಿಕಟ್ಟುಗಳನ್ನು ಅಡ್ಡ ಹಿಡಿದೆ.

ಅವಳ ಹುಬ್ಬು ಮೇಲೇರಿತು. “ಸಾಯ್ತೀರಾ? ಈಗ್ಲೇನಾ?” ಎಂದು ಪಿಸುಗುಟ್ಟಿದಳು.

ನಾನು ಗಾಬರಿಯಿಂದ ಅಲ್ಲ ಅಲ್ಲ ಎಂದು ತಲೆಯಾಡಿಸಿದೆ. ಅವಳು ತುಟಿ ಕಚ್ಚಿ ನಗು ನುಂಗಿ, ನನ್ನ ಮುಷ್ಟಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಎರಡೂ ಅಂಗೈಗಳನ್ನು ನನ್ನ ಎದೆಯ ಮೇಲಿಟ್ಟು, ಮೇಲೆ ತನ್ನ ಕೈ ಇಟ್ಟು ಒತ್ತಿದಳು. “ಹೀಗೆ,” ಎಂದಳು.

ಕೈ ತೆಗೆಯಲಿಲ್ಲ.

ಡಾಕ್ಟರ ಮಾತು ಮೀರಿ ಬಾಯಿ ತೆರೆದೆ. ಎಣ್ಣೆ ಕಾಣದ ಸೈಕಲ್ ಚೈನಿನ ಹಾಗೆ ಒಂದು ಸದ್ದು ಬಂತು. “ನೀವಂದ್ರೆ... ನಂಗೆ... ತುಂಬಾ ಇಷ್ಟ.”

“ಇದು ಯಾರ ಧ್ವನಿ?”

“ನಂದೇ.”

ಬೆಳಕು ಅವಳ ಎಡಗೆನ್ನೆಯ ಗುಳಿಯೊಳಗೆ ಇಳಿಯಿತು. ಬೆನ್ನು ನೇರ ಮಾಡಿ, ಮುಖ ಗಂಭೀರ ಮಾಡಿ, ಪರದೆಯಾಚೆ ಚಪ್ಪಾಳೆ ಸಿಡಿಯುತ್ತಿದ್ದಂತೆ ನನ್ನ ಕಿವಿಗೆ ಬಾಗಿ, ನನ್ನದೇ ಧಾಟಿಯನ್ನು ಕಿಂಚಿತ್ತೂ ತಪ್ಪದೆ ಅನುಕರಿಸಿದಳು:

“ನಾಲ್ಕನೇ ಮಹಡಿ. ಬಾಗಿಲು ತೆರೆದಿದೆ. ದಯವಿಟ್ಟು ಒಳಗೆ ಬನ್ನಿ.”