ಕುಂಡಕ್ಕೊಂದು ಬಿಂದಿ

ವಾಣಿ ಕೆಲಸ ಮಾಡುವ ವಿದ್ಯಾನಗರದ ಆಡಿಟರ್ ಆಫೀಸಿಗೆ ಗಿಡಗಳು ಬಾಡಿಗೆಗೆ ಬರುತ್ತಿದ್ದವು. ಊರಾಚೆಯ ಕೊಂಡಜ್ಜಿಯ ನರ್ಸರಿಯಿಂದ ಬಕ್ಕೇಶ್ ಶನಿವಾರ ಬಂದು, ಎ.ಸಿ.ಗೆ ಸೊರಗಿದ ಗಿಡ ಒಯ್ದು ಬೇರೆ ಇಟ್ಟು ಹೋಗಬೇಕು. ಯಾವುದೂ ಸೊರಗದಿದ್ದರೆ ಬರಬೇಕಿಲ್ಲ.

ಈ ಶನಿವಾರ ಅವನು ಕೈ ಹಾಕಿದ್ದು ವಾಣಿಯ ಮೇಜಿನ ಪಕ್ಕದ ಮಾನ್‌ಸ್ಟೆರಾ ಗಿಡಕ್ಕೆ. ಅಗಲ ಎಲೆ, ಎಲೆ ತುಂಬ ತೂತು. ನಡುವೆ ಹೊಸ ಎಲೆಯೊಂದು ಸುರುಳಿ ಸುತ್ತಿಕೊಂಡು ನಿಂತಿತ್ತು. ಅದು ಬಿಚ್ಚುವುದನ್ನು ನೋಡಲು ಅವಳು ದಿನವೂ ಬೇಗ ಬರುತ್ತಿದ್ದಳು. ತನ್ನದೆಂಬ ಗುರುತಿಗೆ ಕುಂಡಕ್ಕೆ ಬಿಂದಿಯನ್ನೂ ಅಂಟಿಸಿದ್ದಳು. ಪಕ್ಕಕ್ಕೆ ಬಂದ ಗಿಡಕ್ಕೆಲ್ಲ ಅಂಟಿಸುವುದು ಅವಳ ರೂಢಿ.

"ಚೆನ್ನಾಗೈತಲ್ರೀ, ಯಾಕ ಒಯ್ತೀರಿ?"

"ರೆಸ್ಟ್ ಬೇಕ್ರಿ ಅದಕ್ಕೆ," ಎಂದ ಬಕ್ಕೇಶ್, ಅವಳ ಮುಖ ನೋಡದೆ. ಕಿವಿ ಮಾತ್ರ ಕೆಂಪಾಗಿತ್ತು.

ಕೆಲವು ತಿಂಗಳಿಂದ ಹೀಗೇ ಆಗುತ್ತಿತ್ತು. ಒಳ್ಳೆಯ ಗಿಡವನ್ನೆಲ್ಲ ಬೇರೆ ಆಫೀಸಿಗೆ ಸಾಗಿಸುತ್ತಿದ್ದಾನೆ ಎಂದು ವಾಣಿಗೆ ಮೈ ಉರಿಯಿತು. ಅವಳ ದೂರು ಕೇಳಿದ ಮ್ಯಾನೇಜರ್ ಅನ್ನಪೂರ್ಣಮ್ಮ, "ನೀ ಹೂಂ ಅಂದ್ರೆ ಬೇರೆ ನರ್ಸರಿಗೆ ಹೇಳಿಬಿಡ್ತೀನಿ," ಎಂದರು. ಅಷ್ಟು ಸಿಟ್ಟಿದ್ದರೂ ಹೂಂ ಅನ್ನಲು ಅವಳಿಗೇಕೋ ಬಾಯಿ ಬರಲಿಲ್ಲ. "ನರ್ಸರಿ ನೋಡಿ ಬಂದು ಹೇಳ್ತೀನಿ ಮೇಡಂ," ಎಂದಳು.

ಭಾನುವಾರ ಸ್ಕೂಟಿ ಹತ್ತಿ ಕೊಂಡಜ್ಜಿಗೆ ಹೋದವಳು, ನರ್ಸರಿಯ ಹಸಿರು ನೆಟ್ಟಿನ ಚಪ್ಪರದೊಳಗೆ ಕಾಲಿಟ್ಟು ಅಲ್ಲೇ ನಿಂತಳು. ದಾರಿಯುದ್ದಕ್ಕೂ ಜೋಡಿಸಿಕೊಂಡ ಬೈಗುಳ ಮರೆತೇ ಹೋಯಿತು. ಅವಳ ಬಿಂದಿಯ ಕುಂಡಗಳೆಲ್ಲ ಒಂದೇ ಸಾಲಿನಲ್ಲಿದ್ದವು. ಅಂಗೈಯಷ್ಟಿದ್ದ ಎಲೆಗಳು ಈಗ ಮೊರದಗಲ. ಒಂದಕ್ಕೆ ಕೆಂಪು ನರ, ಒಂದಕ್ಕೆ ಬೆಳ್ಳಿ ಚುಕ್ಕೆ. ಎಲೆ ದಾಟಿ ಬಂದ ಬೆಳಕು ಅವಳ ಕೈಯನ್ನೂ ಹಸಿರು ಮಾಡಿತು. ಇಷ್ಟೊಂದು ಜೀವ ತನ್ನ ಮೇಜಿನ ಪಕ್ಕ ಸುಮ್ಮನೆ ಕೂತಿತ್ತೇ ಎಂದು ಬೆರಗಾದಳು.

"ಇವನ್ನ ಯಾರಿಗೂ ಕೊಡ್ಲಿಲ್ಲೇನ್ರಿ?" ಎಂದು ನೀರು ಹಾಯಿಸುತ್ತಿದ್ದ ಬಕ್ಕೇಶ್‌ನನ್ನು ಕೇಳಿದಳು.

"ನಿಮ್ಮ ಬಿಂದಿ ಐತಲ್ರೀ. ಮನಸ್ಸಾಗ್ಲಿಲ್ಲ."

"ಮತ್ತೆ ಚೆನ್ನಾಗಿರೋವನ್ನ ಯಾಕ ತಂದ್ರಿ?"

ಬಕ್ಕೇಶ್ ನೀರಿನ ಪೈಪನ್ನು ಆ ಕೈಯಿಂದ ಈ ಕೈಗೆ ಬದಲಿಸಿದ. "ಗಿಡ ಚೆನ್ನಾಗಿದ್ರೆ ನಾ ಬರೋ ಹಂಗಿಲ್ಲ ಅಲ್ರೀ."

ವಾಣಿ ನಗು ತಡೆದುಕೊಂಡಳು. ಕಣ್ಣಿನ ನಗು ತಡೆಯಲಾಗಲಿಲ್ಲ. ಎದುರಿಗೇ ಮಾನ್‌ಸ್ಟೆರಾದ ಸುರುಳಿ ಅರ್ಧ ಬಿಚ್ಚಿತ್ತು. ಮುಟ್ಟಿದರೆ ಹಸುಗೂಸಿನ ಕಿವಿಯಷ್ಟು ಮೆತ್ತಗೆ. ತೂತುಗಳೂ ಆಗಲೇ ಇದ್ದವು.

"ತೂತು ಆಮೇಲೆ ಬೀಳ್ತಾವೆ ಅಂದ್ಕೊಂಡಿದ್ದೆ."

"ಇಲ್ರಿ, ಒಳಗೇ ಎಲ್ಲಾ ಆಗಿರ್ತೈತೆ. ನಮಗೆ ಕಾಣೋದು ಲೇಟು."

ವಾಣಿ ಎಲೆಯಿಂದ ಬೆರಳು ತೆಗೆದಳು.

"ನಿಮ್ಮ ನರ್ಸರಿ ಬ್ಯಾಡ ಅಂತ ಹೇಳೋಕೆ ಬಂದಿದ್ದೆ," ಎಂದಳು.

"ಹೇಳ್ತೀರೇನ್ರಿ?" ಅವನ ದನಿ ಇಳಿದಿತ್ತು.

ವಾಣಿ ಹಣೆಯ ಬಿಂದಿ ತೆಗೆದು, ಪೈಪು ಹಿಡಿದ ಅವನ ಕೈಮೇಲೆ ಅಂಟಿಸಿದಳು.

"ಇನ್ಮೇಲೆ ಗಿಡ ಚೆನ್ನಾಗಿದ್ರೂ ಬರ್ರಿ."