ಜಾಗ ಬದಲಿಸಿದ ಗಂಟು

"ಅಲ್ಲಾಡಬ್ಯಾಡೋ ನನ್ನ ಕೂಸ," ಅಂದರು ಅಜ್ಜಿ.

ಭುವನ್ ಬಾತ್‌ರೂಮಿನ ಸ್ಟೂಲ್ ಮೇಲೆ ಅಜ್ಜಿಗೆ ಬೆನ್ನು ಮಾಡಿ ಕೂತಿದ್ದ. ಅವನ ಎರಡೂ ಕೈಗಳನ್ನು ಅಕ್ಕ ಪ್ರತೀಕ್ಷಾ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಅಜ್ಜಿ ಬಿಸಿ ಹರಳೆಣ್ಣೆಯನ್ನು ಅಂಗೈಗೆ ಸುರಿದುಕೊಂಡು ಅವನ ಕತ್ತಿನ ಕೆಳಗೆ ಕೈಯಿಟ್ಟವರು ಹಾಗೇ ನಿಂತುಬಿಟ್ಟರು.

ಗಂಟು ಅಲ್ಲಿರಲಿಲ್ಲ.

ನಿನ್ನೆ ನಿಂಬೆಹಣ್ಣಿನಷ್ಟು ಊದಿಕೊಂಡಿದ್ದ ಜಾಗ ಇವತ್ತು ಸಪಾಟಾಗಿತ್ತು. ಅಜ್ಜಿಯ ಮುಖ ಅರಳಿತು. ತಮ್ಮ ಎಣ್ಣೆಗೆ ಕರಗದ ಗಂಟು ಯಾವುದಿದೆ ಅಂತ ಬೀಗುತ್ತಾ ಅವರು ಕೈಯನ್ನು ಬಲಭುಜದ ಕಡೆ ಸರಿಸಿದರು. ಅಯ್ಯೋ, ಅದು ಅಲ್ಲಿ ಕೂತಿತ್ತು! ನಿನ್ನೆಗಿಂತ ದೊಡ್ಡದಾಗಿತ್ತು, ಬಿಸಿಯಾಗಿತ್ತು.

ಪ್ರತೀಕ್ಷಾ ಬಗ್ಗಿ ನೋಡಿದಳು. ಗಂಟು ರಾತ್ರಿ ಎದ್ದು ನಡೆದು ಹೋಯಿತಾ?

ಅಜ್ಜಿಯ ಹೆಸರು ಮಹಾದೇವಿ. ಬಾಗಲಕೋಟೆಯಲ್ಲಿ ಅವರ ಓಣಿಯ ಕೂಸುಗಳೆಲ್ಲ ಅವರ ಕೈಯಲ್ಲೇ ಎಣ್ಣೆ ತಿಕ್ಕಿಸಿಕೊಂಡು ಬೆಳೆದವು. ಅಂಥವರು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಮಗನ ಮನೆಗೆ ಬಂದು ಸುಮ್ಮನೆ ಕೂರುತ್ತಾರಾ? ಭುವನ್ ಸ್ಕೂಲಿನಲ್ಲಿ ಜೋತಾಡಿ ಆಡುವ ಮಂಕಿ ಬಾರ್ಸ್ ಕಂಬಿಗಳಿಂದ ಬಿದ್ದ ಮೇಲೆ ಈ ಗಂಟು ಶುರುವಾಗಿತ್ತು. ಮನೆ ಹತ್ತಿರದ ಜಿಪಿ ಡಾಕ್ಟರ್ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟಿದ್ದರು. ಅಲ್ಲಿ ನೋಡುವ ತನಕ ಏನೂ ಮಾಡಬೇಡಿ ಅಂತ ಅಮ್ಮ ಹೇಳಿಯೂ ಇದ್ದಳು. ಆದರೆ ಅಪ್ಪ ಅಮ್ಮ ಆಫೀಸಿನಿಂದ ಬರುವುದು ಆರು ಗಂಟೆಗೆ. ಅಲ್ಲಿಯವರೆಗೆ ಮನೆಯಲ್ಲಿ ಅಜ್ಜಿಯದೇ ರಾಜ್ಯಭಾರ.

"ಅಮ್ಮಗ ಹೇಳಬ್ಯಾಡ್ರಿ, ಸುಮ್ನ ಗಾಬರಿ ಆಗ್ತಾಳ," ಅಂದಿದ್ದರು ಅಜ್ಜಿ. ಪ್ರತೀಕ್ಷಾ ಹೇಳಿರಲಿಲ್ಲ.

ಅಜ್ಜಿ ಗಂಟನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ತಿಕ್ಕಿದರು. ಭುವನ್ ಅತ್ತ. ಮಾರನೆಯ ದಿನವೂ ತಿಕ್ಕಿದರು. ಕೆಲವು ವಾರಗಳಲ್ಲಿ ಬಿಸಿ ಇಳಿಯಿತು, ಊತವೂ ಇಳಿಯಿತು. ಆದರೆ ಪ್ರತೀಕ್ಷಾ ಮುಟ್ಟಿ ನೋಡಿದಾಗ ಚರ್ಮದ ಕೆಳಗೆ ಗಟ್ಟಿಯಾದದ್ದೇನೋ ಉದ್ದಕ್ಕೆ ಮಲಗಿದಂತಿತ್ತು. ಸ್ವೆಟರ್ ಹಾಕಿಕೊಳ್ಳಲು ಭುವನ್‌ಗೆ ಬಲಗೈ ಎತ್ತಲು ಆಗಲೇ ಇಲ್ಲ.

ಕೊನೆಗೂ ಆಸ್ಪತ್ರೆಯ ದಿನ ಬಂತು. ಐದೂ ಜನ ಹೊರಟರು. ಹೆಲೆನ್ ಅನ್ನುವ ಡಾಕ್ಟರ್ ಭುವನ್‌ನ ಭುಜವನ್ನು ಕಣ್ಣಲ್ಲೇ ನೋಡಿದರು, ಮುಟ್ಟಲೇ ಇಲ್ಲ. ಆಮೇಲೆ ಅವನ ಶೂ, ಸಾಕ್ಸ್ ಬಿಚ್ಚಲು ಹೇಳಿದರು. ಭುಜ ನೋವು ಅಂದರೆ ಕಾಲು ಯಾಕೆ ನೋಡುತ್ತಾರೆ? ಅವನ ಕಾಲಿನ ಎರಡೂ ಹೆಬ್ಬೆರಳು ಗಿಡ್ಡವಾಗಿ ಒಳಕ್ಕೆ ವಾಲಿಕೊಂಡಿದ್ದವು. ಅದು ಹುಟ್ಟಿದಾಗಿನಿಂದ ಹಾಗೇ ಇತ್ತು, ಮನೆಯಲ್ಲಿ ಎಲ್ಲರೂ ಅದನ್ನು ಮುದ್ದು ಮಾಡುತ್ತಿದ್ದರು. ಡಾಕ್ಟರ್ ಮಾತ್ರ ನಗಲಿಲ್ಲ.

ಸ್ಕ್ಯಾನ್ ಆಯಿತು. ಪರದೆಯ ಮೇಲೆ ಭುವನ್‌ನ ಒಳಗಿನ ಚಿತ್ರ ಬಂತು. ಪಕ್ಕೆಲುಬಿನ ಹಿಂದಿನಿಂದ ಭುಜದ ಕಡೆಗೆ, ಏನೂ ಇರಬಾರದ ಕಡೆ, ಒಂದು ಬೆಳ್ಳಗಿನ ಸಣ್ಣ ಕೊಂಬೆ ಚಾಚಿಕೊಂಡಿತ್ತು.

"ಅದು ಮೂಳೆ," ಅಂದರು ಡಾಕ್ಟರ್. "ಒಳ್ಳೆ ಮೂಳೆನೇ. ಬೆಳೆಯಬಾರದ ಜಾಗದಲ್ಲಿ ಬೆಳೀತಿದೆ."

ಪ್ರತೀಕ್ಷಾಗೆ ಅರ್ಥವಾಗುವ ಹಾಗೆ ಅವರು ಬಿಡಿಸಿ ಹೇಳಿದರು. ಎಲ್ಲರ ಮೈಯಲ್ಲೂ ಗ್ರೋತ್ ಫ್ಯಾಕ್ಟರ್ ಅನ್ನುವ ಪ್ರೋಟೀನ್‌ಗಳಿರುತ್ತವೆ. ಅವುಗಳಲ್ಲಿ ಕೆಲವು 'ಇಲ್ಲಿ ಮೂಳೆ ಕಟ್ಟು' ಅಂತ ಅಪ್ಪಣೆ ಕೊಡುತ್ತವೆ. ಹೊಟ್ಟೆಯಲ್ಲಿರುವ ಪಾಪುವಿಗೆ ಬೆರಳು ಮೂಡಿಸುವುದಕ್ಕೂ, ಮುರಿದ ಕೈ ಕೂಡಿಸುವುದಕ್ಕೂ ಅವು ಬೇಕು. ಆ ಅಪ್ಪಣೆ ಕೇಳಿಸಿಕೊಳ್ಳುವುದಕ್ಕೆ ಜೀವಕೋಶಗಳಲ್ಲಿ ಸ್ವಿಚ್‌ನಂಥದ್ದು ಇರುತ್ತದೆ. ಭುವನ್‌ಗೆ ಹುಟ್ಟಿನಿಂದಲೇ ಆ ಸ್ವಿಚ್ ಸರಿಯಿಲ್ಲ ಅಂತ ಕಾಣುತ್ತದೆ, ಆ ಗಿಡ್ಡ ಹೆಬ್ಬೆರಳುಗಳೇ ಅದರ ಗುರುತು, ರಕ್ತ ಪರೀಕ್ಷೆ ಮಾಡಿದರೆ ಖಚಿತವಾಗುತ್ತದೆ. ಪೆಟ್ಟು ಬಿದ್ದರೂ, ಜೋರಾಗಿ ಒತ್ತಿದರೂ, ಕೆಲವು ಸಲ ಏನೂ ಆಗದಿದ್ದರೂ ಅದು ಆನ್ ಆಗಿಬಿಡುತ್ತದೆ. ಆಗ ಒಂದು ಸಲ ಇಲ್ಲಿ, ಒಂದು ಸಲ ಅಲ್ಲಿ ಗಂಟು ಏಳುತ್ತದೆ, ಮಾಂಸಖಂಡ ಇದ್ದ ಕಡೆ ಮೂಳೆ ಬೆಳೆಯುತ್ತದೆ.

ಆಪರೇಷನ್ ಮಾಡಿ ತೆಗೆದುಬಿಡಬಹುದಲ್ಲ ಅಂತ ಅಪ್ಪ ಕೇಳಿದ. ಕತ್ತರಿಸಿದರೆ ಇನ್ನೂ ಹೆಚ್ಚು ಬೆಳೆಯುತ್ತದೆ ಅಂದರು ಡಾಕ್ಟರ್. ಔಷಧಿಗಳಿಗಾಗಿ ತುಂಬ ಜನ ಕೆಲಸ ಮಾಡುತ್ತಿದ್ದಾರಂತೆ. ಸದ್ಯಕ್ಕೆ ಪೆಟ್ಟಾಗದಂತೆ ನೋಡಿಕೊಳ್ಳುವುದೇ ಮುಖ್ಯವಂತೆ.

"ಇದನ್ನ ಯಾರಾದರೂ ಒತ್ತಿದ್ದಾರಾ? ತಿಕ್ಕಿದ್ದಾರಾ?"

ಇಲ್ಲ ಅಂದಳು ಅಮ್ಮ. ಇಂಗ್ಲಿಷ್ ಬಾರದ ಅಜ್ಜಿ ಡಾಕ್ಟರನ್ನು ನೋಡಿ ನಗುತ್ತಾ ಕೂತಿದ್ದರು. ಪ್ರತೀಕ್ಷಾ ಅಜ್ಜಿಯನ್ನೇ ನೋಡಿದಳು. ಹೇಳಿದರೆ ಅಜ್ಜಿಯ ಆ ನಗು ಹೋಗುತ್ತದೆ. ಹೇಳದಿದ್ದರೆ ನಾಳೆ ಸ್ಕೂಲಿಂದ ಬರುವಷ್ಟರಲ್ಲಿ ಎಣ್ಣೆ ಬಿಸಿಯಾಗಿರುತ್ತದೆ.

"ಅಜ್ಜಿ ಮಸಾಜ್ ಮಾಡ್ತಿದ್ರು," ಅಂದಳು ಇಂಗ್ಲಿಷಿನಲ್ಲೇ. "ಎವ್ರಿ ಡೇ. ನಾನೇ ಅವನ ಕೈ ಹಿಡ್ಕೋತಿದ್ದೆ."

ಅಮ್ಮ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಅಪ್ಪ ಗೋಡೆಯ ಕಡೆ ತಿರುಗಿದ. ಗೊತ್ತಾಗುವ ಮುಂಚೆ ಎಷ್ಟೋ ಮನೆಗಳಲ್ಲಿ ಹೀಗಾಗುತ್ತದೆ, ತಿಕ್ಕದಿದ್ದರೂ ಬೆಳೆಯುತ್ತಿತ್ತೋ ಏನೋ, ಯಾರೂ ಹೇಳಲಾರರು ಅಂದರು ಡಾಕ್ಟರ್. ಇನ್ನು ಮೇಲೆ ಮಾತ್ರ ಬೇಡ. ಅದನ್ನು ಅಜ್ಜಿಗೆ ಹೇಳುವವರು ಯಾರು?

"ಅಜ್ಜಿ, ತಿಕ್ಕಬಾರದಂತೆ," ಅಂದಳು ಪ್ರತೀಕ್ಷಾ. "ತಿಕ್ಕಿದ್ರೆ ಒಳಗೆ ಮೂಳೆ ಬೆಳೆಯುತ್ತಂತೆ."

ಅಜ್ಜಿ ತಮ್ಮ ಅಂಗೈಗಳನ್ನು ನೋಡಿಕೊಂಡರು. ಆಮೇಲೆ ಮೆಲ್ಲಗೆ ಸೆರಗಿನ ಒಳಗೆ ಮುಚ್ಚಿಟ್ಟುಕೊಂಡರು.

ಆವತ್ತಿನಿಂದ ಆ ಕೈಗಳು ಹೊರಗೆ ಬರಲೇ ಇಲ್ಲ ಅನ್ನಿ. ಪೂಜೆ ಮುಗಿಸಿ ಮೊಮ್ಮಕ್ಕಳ ಹಣೆಗೆ ವಿಭೂತಿ ಹಚ್ಚುತ್ತಿದ್ದವರು ಬಟ್ಟಲನ್ನು ಮೇಜಿನ ಮೇಲೆ ಇಟ್ಟು ಹೋಗಿಬಿಡುತ್ತಿದ್ದರು. ಭುವನ್ ಹತ್ತಿರ ಬಂದರೆ ಹಿಂದೆ ಸರಿಯುತ್ತಿದ್ದರು. ಮನೆ ಬಿಕೋ ಅನ್ನುತ್ತಿತ್ತು.

"ಅಕ್ಕಾ," ಅಂದ ಭುವನ್ ಒಂದು ಬೆಳಿಗ್ಗೆ, "ಅಜ್ಜಿಗೆ ನನ್ನ ಕಂಡ್ರೆ ಸ್ಕೇರಾ?"

ಪ್ರತೀಕ್ಷಾ ಅವನ ಕೈ ಹಿಡಿದು ಅಜ್ಜಿಯ ಮುಂದೆ ಕರೆದುಕೊಂಡು ಹೋದಳು. ಅಜ್ಜಿಯ ಬಲಗೈಯನ್ನು ಸೆರಗಿನಿಂದ ಹೊರಗೆಳೆದಳು. ಮೊದಲು ಅದನ್ನು ತನ್ನ ಭುಜದ ಮೇಲೆ ಇಟ್ಟುಕೊಂಡಳು.

"ಇಷ್ಟು ಮೆತ್ತಗೆ, ಅಜ್ಜಿ. ಇಷ್ಟು ಮಾಡಬಹುದು."

ಆಮೇಲೆ ಅದರ ಬೆರಳುಗಳನ್ನು ವಿಭೂತಿಗೆ ಅದ್ದಿಸಿ, ತಮ್ಮನ ಹಣೆಗೆ ತಂದಳು. ಭುವನ್ ಕಣ್ಣು ಮುಚ್ಚಿಕೊಂಡ. ಬೆಳ್ಳಗೆ ಮೂರು ಗೆರೆ ಮೂಡಿದವು. ಅಜ್ಜಿಯ ಕೈ ಅಲ್ಲಿಂದ ತಾನಾಗಿಯೇ ಅವನ ಭುಜಕ್ಕೆ ಇಳಿಯಿತು. ಅಂಗಿಯ ಕೆಳಗೆ ಆ ಗಟ್ಟಿ ಕೊಂಬೆ ಹಾಗೇ ಇತ್ತು.

ಅಜ್ಜಿಯ ಕೈ ಅಲ್ಲಿ ತಾಗಿಯೂ ತಾಗದ ಹಾಗೆ ಇತ್ತು. ಒಳಗೆ ಮಲಗಿರುವುದಕ್ಕೆ ಗೊತ್ತಾಗಬಾರದು, ಭುವನ್‌ಗೆ ಮಾತ್ರ ಗೊತ್ತಾಗಬೇಕು, ಅಷ್ಟು ಹಗುರವಾಗಿ.